ರೈಸ್ ಕುಕ್ಕರಿನ ಲೋಟ ಹೇಳುವ ಜಪಾನಿನ ಕಥೆ

ಗಲ್ಫಿಗೆ ಬಂದ ನಮ್ಮವರಲ್ಲಿ ರೈಸ್ ಕುಕ್ಕರ್ ಮುಟ್ಟದವರು ಇರಲಿಕ್ಕಿಲ್ಲ. ಊರಿನಲ್ಲಿ ಅಡಿಗೆಮನೆಯ ಹೊಸ್ತಿಲು ದಾಟದವನೂ ಇಲ್ಲಿ ರೂಮು ಸೇರಿದ ಮೂರನೆಯ ದಿನಕ್ಕೆ ಅಕ್ಕಿ ತೊಳೆದು, ನೀರು ಹಾಕಿ, ಗುಂಡಿ ಒತ್ತುವುದನ್ನು ಕಲಿತಿರುತ್ತಾನೆ. ಆ ಕುಕ್ಕರಿನ ಜೊತೆಗೆ ಒಂದು ಸಣ್ಣ ಪ್ಲಾಸ್ಟಿಕ್ ಲೋಟ ಬರುತ್ತದೆ. ಕುಕ್ಕರ್ ಬಹಳ ಕಾಲ ಬಾಳುತ್ತದೆ, ಲೋಟ ಮಾತ್ರ ಬೇಗ ಕಳೆದುಹೋಗುತ್ತದೆ. ನಮ್ಮ ರೂಮಿನಲ್ಲೂ ಹಾಗೆಯೇ ಆಯಿತು. ಆ ಲೋಟ ಕಳೆದದ್ದರಿಂದ ನಾವು ಒಬ್ಬ ಒಳ್ಳೆಯ ಹುಡುಗನನ್ನೂ ಕಳೆದುಕೊಂಡೆವು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ರೂಮಿನಲ್ಲಿ ನಾವು ನಾಲ್ವರು. ನಾನು ಕುಂದಾಪುರದ ಕಡೆಯವನು, ಒಬ್ಬರು ಮಂಡ್ಯದವರು, ಒಬ್ಬರು ಕಾಸರಗೋಡಿನವರು. ನಾಲ್ಕನೆಯವನು ವಿಜಯಪುರದ ಕಡೆಯ ಹುಡುಗ, ನಮ್ಮೆಲ್ಲರಿಗಿಂತ ಚಿಕ್ಕವನು. ಮೊದಲ ದಿನವೇ ಅಳತೆಯ ಗಲಾಟೆ. "ಅಕ್ಕಿ ಎಷ್ಟು ಹಾಕೂದು ಮಾರಾಯ್ರೆ?" ಎಂದು ನಾನು ಕೇಳಿದರೆ ಮಂಡ್ಯದವರು "ಮೂರು ಪಾವು ಹಾಕಿ ಸಾಕು" ಎಂದರು. ಕಾಸರಗೋಡಿನವರಿಗೆ ಪಾವು ಗೊತ್ತಿಲ್ಲ, ಅವರದು ಕುಡ್ತೆಯ ಲೆಕ್ಕ. ವಿಜಯಪುರದ ಹುಡುಗ ನಕ್ಕು, "ನಮ್ಮ ಕಡೆ ರೊಟ್ಟಿ ಎಣಿಸ್ತೀವ್ರಿ ಅಣ್ಣಾ, ಅಕ್ಕಿ ಅಳೆಯೂದು ನಂಗ ಗೊತ್ತಿಲ್ಲ" ಎಂದ. ಕೊನೆಗೆ ಕುಕ್ಕರಿನ ಲೋಟದಲ್ಲಿ ರಾತ್ರಿಗೆ ಆರು ಲೋಟ ಎಂದು ತೀರ್ಮಾನವಾಯಿತು. ಮಿಕ್ಕಿದ ಅನ್ನ ಮರುದಿನ ಡ್ಯೂಟಿಯ ಡಬ್ಬಿಗೆ. 20 ಕಿಲೋ ಚೀಲ 22 ದಿನ ಬರುತ್ತಿತ್ತು.

ಒಂದು ತಿಂಗಳು ಆ ಚೀಲ 17ನೆಯ ದಿನವೇ ಖಾಲಿಯಾಯಿತು. ಆ ದಿನಗಳಲ್ಲಿ ಅಡಿಗೆಯ ಪಾಳಿ ಆ ಹುಡುಗನದು. ಪಕ್ಕದ ಬಿಲ್ಡಿಂಗಿನಲ್ಲಿ ಅವನ ಊರಿನವರ ಇನ್ನೊಂದು ರೂಮಿತ್ತು. ಯಾರೂ ಬಾಯಿಬಿಟ್ಟು "ಕದ್ದೆ" ಎನ್ನಲಿಲ್ಲ. ಆದರೆ ಮೆಸ್ಸಿನ ಲೆಕ್ಕ ಮಾಡುವಾಗ "ಅಕ್ಕಿ ಎಲ್ಲಿಗೆ ಹೋಯಿತು?" ಎಂದು ಮೂರು ಸಲ ಕೇಳಿದೆವು. ಮೂರನೆಯ ಸಲ ಕೇಳಿದವನು ನಾನು. ಅವನು ಏನೂ ಹೇಳಲಿಲ್ಲ. ತಿಂಗಳ ಕೊನೆಗೆ ತನ್ನ ಪಾಲಿನ ಹಣ ಕೊಟ್ಟು, ಪೆಟ್ಟಿಗೆ ಎತ್ತಿಕೊಂಡು ಬೇರೆ ರೂಮಿಗೆ ಹೋದ.

ಕೆಲವು ತಿಂಗಳ ನಂತರ ರೂಮು ಬದಲಿಸುವಾಗ ಫ್ರಿಜ್ಜಿನ ಹಿಂದೆ ಆ ಪ್ಲಾಸ್ಟಿಕ್ ಲೋಟ ಸಿಕ್ಕಿತು. ಅದು ಕಳೆದ ಮೇಲೆ ಎಲ್ಲರೂ ಒಂದು ಚಹಾದ ಮಗ್ಗಿನಲ್ಲಿ ಅಕ್ಕಿ ಅಳೆಯುತ್ತಿದ್ದೆವು. ಲೋಟದ ತುಂಬ ನೀರು ತುಂಬಿ ಮಗ್ಗಿಗೆ ಸುರಿದು ನೋಡಿದೆ. ಮಗ್ಗು ತುಂಬಲಿಲ್ಲ, ಕಾಲು ಭಾಗ ಹಾಗೆಯೇ ಉಳಿಯಿತು. ಕೆಳಗಿನ ಗ್ರೋಸರಿಯ ತಕ್ಕಡಿಯಲ್ಲಿ ತೂಗಿಸಿದೆ. ಲೋಟದ ಅಕ್ಕಿ ಸುಮಾರು 150 ಗ್ರಾಂ, ಮಗ್ಗಿನ ಅಕ್ಕಿ ಸುಮಾರು 200 ಗ್ರಾಂ. ರಾತ್ರಿಗೆ ಆರು ಲೋಟವಾದರೆ 900 ಗ್ರಾಂ, ಆರು ಮಗ್ಗಾದರೆ 1,200 ಗ್ರಾಂ. 20 ಕಿಲೋ ಭಾಗಿಸಿ ನೋಡಿದರೆ ಒಂದರಲ್ಲಿ 22 ದಿನ, ಇನ್ನೊಂದರಲ್ಲಿ 17 ದಿನ ಕೂಡ ತುಂಬುವುದಿಲ್ಲ. ಅಕ್ಕಿ ಎಲ್ಲಿಗೂ ಹೋಗಿರಲಿಲ್ಲ. ನಾವೇ ತಿಂದಿದ್ದೆವು, ಮಿಕ್ಕಿದ್ದಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿಕೊಂಡಿದ್ದೆವು. ನೀರನ್ನೂ ಅದೇ ಮಗ್ಗಿನಲ್ಲಿ ಅಳೆಯುತ್ತಿದ್ದುದರಿಂದ ಅನ್ನದ ಹದ ಒಂದು ದಿನವೂ ಕೆಟ್ಟಿರಲಿಲ್ಲ. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಆ ದಿನದಿಂದ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಉಳಿಯಿತು. ಈ ಲೋಟ 180 ಮಿಲಿಲೀಟರ್ ಯಾಕೆ? 200 ಅಲ್ಲ, 250 ಅಲ್ಲ, ಇದೆಲ್ಲಿಯ 180? ಕುಕ್ಕರಿನ ಡಬ್ಬದ ಮೇಲೂ 1.8 ಲೀಟರ್ ಎಂದೇ ಬರೆದಿರುತ್ತದೆ, 2 ಲೀಟರ್ ಎಂದಲ್ಲ. ಉತ್ತರ ಹುಡುಕುತ್ತ ಹೋದಾಗ ಜಪಾನಿನ ನಾಲ್ಕು ನೂರು ವರ್ಷಗಳ ಇತಿಹಾಸವೇ ಎದುರಾಯಿತು.

ಒಂದು ಗೋ, ಒಂದು ಶೋ, ಒಂದು ಕೊಕು

ನಮ್ಮಲ್ಲಿ ಚಟಾಕು, ಪಾವು, ಸೇರು, ಕೊಳಗ, ಖಂಡುಗ ಇದ್ದಂತೆ ಜಪಾನಿನಲ್ಲೂ ಅಕ್ಕಿಗೆ ಪಾತ್ರೆಯ ಅಳತೆಯೇ ಇತ್ತು. ಅದರಲ್ಲಿ ಮನೆಯ ಅಡಿಗೆಗೆ ಬರುವುದು 'ಗೋ'. ಹತ್ತು ಗೋ ಸೇರಿದರೆ ಒಂದು 'ಶೋ', ಹತ್ತು ಶೋಗೆ ಒಂದು 'ತೋ', ಹತ್ತು ತೋಗೆ ಒಂದು 'ಕೊಕು'. ಒಂದು ಗೋ ಎಂದರೆ 180 ಮಿಲಿಲೀಟರ್. ನಮ್ಮ ಕುಕ್ಕರಿನ ಲೋಟ ಇದೇ. ಹತ್ತು ಗೋ ಆದರೆ 1.8 ಲೀಟರ್, ಅಂದರೆ ಸರಿಯಾಗಿ ಒಂದು ಶೋ. ಡಬ್ಬದ ಮೇಲಿನ ಆ 1.8ರ ಗುಟ್ಟು ಇಷ್ಟೇ. ಕುಕ್ಕರಿನ ಹೊಟ್ಟೆಯಲ್ಲಿ ಕುಳಿತಿರುವುದು ಜಪಾನಿನ ಹಳೆಯ ಸೇರು.

ಕೊಕು ಎಂದರೆ ಸಾವಿರ ಗೋ, ತೂಕದಲ್ಲಿ ಸುಮಾರು 150 ಕಿಲೋ ಅಕ್ಕಿ. ಒಬ್ಬ ಮನುಷ್ಯನ ಒಂದು ವರ್ಷದ ಅನ್ನ ಎಂಬುದು ಅಂದಿನ ಅಂದಾಜು. ಟೊಯೊಟೊಮಿ ಹಿದೆಯೋಶಿ ಎಂಬ ದಂಡನಾಯಕ 1582ರಿಂದ 1598ರವರೆಗೆ ಇಡೀ ದೇಶದ ಹೊಲಗದ್ದೆಗಳನ್ನು ಅಳೆಸಿದ. ಯಾವ ಊರಿನಲ್ಲಿ ಎಷ್ಟು ಕೊಕು ಬೆಳೆಯಬಹುದು ಎಂದು ಬರೆಸಿದ. ಆ ಲೆಕ್ಕಕ್ಕೆ ಕ್ಯೋಟೋ ನಗರದ ಅಳತೆಪೆಟ್ಟಿಗೆಯನ್ನೇ ಆಧಾರ ಮಾಡಿದ. ಮುಂದೆ ತೊಕುಗಾವಾ ಮನೆತನದ ಆಡಳಿತದಲ್ಲಿ ದೊರೆಗಳ ದೊಡ್ಡಸ್ತಿಕೆಯನ್ನೂ ಕೊಕುವಿನಲ್ಲೇ ಎಣಿಸುತ್ತಿದ್ದರು. ಹತ್ತು ಸಾವಿರ ಕೊಕು ಇದ್ದವನು 'ದೈಮ್ಯೋ', ಅಂದರೆ ಪಾಳೆಯಗಾರ. ಕಾಗಾ ಪ್ರಾಂತ್ಯದ ಮಾಯೆದಾ ಮನೆತನದ ಲೆಕ್ಕ ಹತ್ತು ಲಕ್ಷ ಕೊಕು ದಾಟಿತ್ತು. ಕೆಳಗಿನ ಸಮುರಾಯಿಗೆ ಸಂಬಳವೂ ಅಕ್ಕಿಯಲ್ಲಿ. ತಲೆಗೆ ದಿನಕ್ಕೆ ಐದು ಗೋ ಎಂಬುದು ಅದರ ಒಂದು ಲೆಕ್ಕ.

ನಮಗೆ ಇದು ಹೊಸತಲ್ಲ. ಹಳೇ ಮೈಸೂರಿನಲ್ಲಿ "ಎರಡು ಖಂಡುಗ ಗದ್ದೆ" ಎಂದರೆ ಎರಡು ಖಂಡುಗ ಬೀಜ ಬಿತ್ತುವಷ್ಟು ಭೂಮಿ. ಇಪ್ಪತ್ತು ಕೊಳಗ ಸೇರಿ ಒಂದು ಖಂಡುಗ. ನಮ್ಮ ಕರಾವಳಿಯಲ್ಲಿ ಗೇಣಿ ಕೊಡುತ್ತಿದ್ದುದು ಮುಡಿಯ ಲೆಕ್ಕದಲ್ಲಿ, ಒಣಹುಲ್ಲಿನಲ್ಲಿ ಹಗ್ಗ ಸುತ್ತಿ ಕಟ್ಟಿದ ಉರುಟು ಅಕ್ಕಿಮುಡಿ. ಜಪಾನಿನವರೂ ಅಕ್ಕಿಯನ್ನು ಒಣಹುಲ್ಲಿನ ಮೂಟೆಯಲ್ಲೇ ಕಟ್ಟುತ್ತಿದ್ದರು, ಅದರ ಹೆಸರು 'ತವಾರಾ'. ಅದರ ಚಿತ್ರ ಮೊದಲ ಸಲ ನೋಡಿದಾಗ ನನಗೆ ನಮ್ಮ ಅಜ್ಜನ ಮನೆಯ ಅಟ್ಟದ ನೆನಪಾಯಿತು.

ಹನ್ನೆರಡೂವರೆಯ ಲೆಕ್ಕ

ಜಪಾನಿನ ಅಳತೆಪೆಟ್ಟಿಗೆಯ ಹೆಸರು 'ಮಸು'. ಮರದ ಚೌಕ ಪೆಟ್ಟಿಗೆ, ಮುಚ್ಚಳವಿಲ್ಲ. ಅಕ್ಕಿ ತುಂಬಿ ಒಂದು ಕೋಲಿನಿಂದ ಬಾಯಿ ಸವರಿದರೆ ಅಳತೆ ಆಯಿತು. ಸವರುವ ಕೋಲಿಗೇ ಒಂದು ಹೆಸರು, 'ತೊಕಾಕಿ'. ಬಾಯಿಯ ಅಂಚು ಸವೆದರೆ ಅಥವಾ ಯಾರಾದರೂ ಕೆತ್ತಿದರೆ ಅಳತೆ ಕಡಿಮೆಯಾಗುತ್ತದೆ. ಅದಕ್ಕಾಗಿ ಪೆಟ್ಟಿಗೆಯ ಬಾಯಿಗೆ ಮೂಲೆಯಿಂದ ಮೂಲೆಗೆ ಕಬ್ಬಿಣದ ಪಟ್ಟಿ ಬಡಿಯುತ್ತಿದ್ದರು. ಎದೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ತಾರು ಮನೆತನಕ್ಕೆ ಪೂರ್ವದ 33 ಪ್ರಾಂತ್ಯಗಳ ಮಸು ಮಾಡಿ ಮಾರುವ ಹಕ್ಕು. ಪಶ್ಚಿಮದ 33 ಪ್ರಾಂತ್ಯಗಳ ಹಕ್ಕು ಕ್ಯೋಟೋದ ಫುಕುಯಿ ಮನೆತನಕ್ಕೆ. ಮುದ್ರೆ ಒತ್ತಿದ ಪೆಟ್ಟಿಗೆಯೇ ಪೆಟ್ಟಿಗೆ, ಕಳ್ಳ ಮಸು ಮಾಡಿದವನಿಗೆ ಕಠಿಣ ಶಿಕ್ಷೆ.

1669ರಲ್ಲಿ ಸರ್ಕಾರ ಇಡೀ ದೇಶಕ್ಕೆ ಒಂದೇ ಮಸು ಎಂದು ನಿಗದಿ ಮಾಡಿತು. ಅದರ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಬೇಕು. ಕ್ಯೋಟೋದ ಹಳೆಯ ಒಂದು ಶೋ ಪೆಟ್ಟಿಗೆ 5 ಸುನ್ ಉದ್ದ, 5 ಸುನ್ ಅಗಲ, 2.5 ಸುನ್ ಆಳ. ಸುನ್ ಎಂದರೆ ಸುಮಾರು 3 ಸೆಂಟಿಮೀಟರ್. ಹೊಸದು 4.9 ಉದ್ದ, 4.9 ಅಗಲ, 2.7 ಆಳ. ಮೂರನ್ನೂ ಕೂಡಿಸಿ ನೋಡಿ. ಹಳೆಯದು ಹನ್ನೆರಡೂವರೆ, ಹೊಸದೂ ಹನ್ನೆರಡೂವರೆ. ಉದ್ದ ಅಗಲ ಒಂದೊಂದು ಗೆರೆ ಇಳಿದು, ಆಳ ಎರಡು ಗೆರೆ ಏರಿದೆ, ಅಷ್ಟೇ. ನೋಡಿದವನಿಗೆ ಸಮ ಅನಿಸುತ್ತದೆ. ಈಗ ಗುಣಿಸಿ ನೋಡಿ. ಹಳೆಯದು 62.5, ಹೊಸದು 64.827. ನೂರಕ್ಕೆ ಮೂರೂಮುಕ್ಕಾಲರ ಹತ್ತಿರ ಹೆಚ್ಚು. ಮೇಲ್ಬಾಯಿ ಚಿಕ್ಕದಾದ ಪೆಟ್ಟಿಗೆ ಹೊಟ್ಟೆಯಲ್ಲಿ ದೊಡ್ಡದು.

ನೂರು ಶೋ ಕಂದಾಯ ಕಟ್ಟುವ ರೈತ ಹೊಸ ಪೆಟ್ಟಿಗೆಯಲ್ಲಿಯೂ ನೂರೇ ಅಳೆದು ಕೊಟ್ಟರೆ, ಹಳೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ನೂರಾ ನಾಲ್ಕು ಕೊಟ್ಟಂತೆ. ಪುಸ್ತಕದಲ್ಲಿ ಕಂದಾಯ ಏರಿಲ್ಲ, ಕಣಜದಲ್ಲಿ ಏರಿದೆ. ಇದು ಬೇಕೆಂದೇ ಮಾಡಿದ್ದೋ ಅಲ್ಲವೋ ಎಂಬ ಮಾತು ಇರಲಿ. ಆರು ಲೋಟ ಎಂದುಕೊಂಡು ಆರು ಮಗ್ಗು ಹಾಕಿದ ನಮಗೆ ಇದು ಅರ್ಥವಾಗುವುದು ಕಷ್ಟವಲ್ಲ.

ನನ್ನ ಅಜ್ಜ ಗೇಣಿ ಒಕ್ಕಲು. 1974ರ ಭೂಸುಧಾರಣೆ ಬರುವವರೆಗೆ ವರ್ಷ ವರ್ಷ ಧಣಿಗಳ ಅಂಗಳಕ್ಕೆ ಅಕ್ಕಿ ಹೊತ್ತವರು. ಅಲ್ಲಿ ಅಳೆಯುವವನು ಮೊದಲ ಸೇರಿಗೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತಿತ್ತು. "ಲಾಭ ಯಾರಿಗೆ ಅಂತ ಕೇಂಬ ಹಾಂಗಿಲ್ಲ ಮಗಾ" ಎಂದು ಅಜ್ಜ ನಗುತ್ತಿದ್ದರು. ತೆಗೆದುಕೊಳ್ಳುವಾಗ ಸೇರಿನ ಮೇಲೆ ಗೋಪುರ ಏಳುತ್ತಿತ್ತು, ಕೊಡುವಾಗ ಅದೇ ಸೇರಿನ ತಲೆ ಸವರಿ ಹೋಗುತ್ತಿತ್ತು. ಪಾತ್ರೆ ಒಂದೇ, ಕೈ ಎರಡು. ಪಾತ್ರೆಯ ಅಳತೆಯಲ್ಲಿ ಇರುವ ತೊಡಕೇ ಇದು. ಅದು ಕಾಳಿಗಿಂತ ಹೆಚ್ಚು, ತುಂಬುವ ಕೈಯನ್ನು ಅವಲಂಬಿಸಿದೆ.

ಡಾಕ್ಟರಮ್ಮ ಮಾಡಿದ ಲೋಟ

ಇಷ್ಟು ಹೊತ್ತು ಕಂದಾಯ ತೆಗೆದುಕೊಳ್ಳುವವರ ಅಳತೆಯ ಮಾತಾಯಿತು. ಊಟ ಮಾಡುವವರಿಗಾಗಿ ಅಳತೆ ಮಾಡಿದವರ ಕಥೆ ಇನ್ನೊಂದಿದೆ. ಅದು ಶುರುವಾಗುವುದು ಒಂದು ರೋಗದಿಂದ.

ಪಾಲಿಶ್ ಮಾಡಿದ ಬಿಳಿ ಅಕ್ಕಿಯನ್ನೇ ಹೆಚ್ಚಾಗಿ ತಿನ್ನುತ್ತಿದ್ದ ಜಪಾನಿನಲ್ಲಿ ಬೆರಿಬೆರಿ ದೊಡ್ಡ ಪಿಡುಗಾಗಿತ್ತು. ಕಾಲು ಊದುವುದು, ಜೋಮು ಹಿಡಿಯುವುದು, ಕೊನೆಗೆ ಹೃದಯ ನಿಲ್ಲುವುದು. 1883ರಲ್ಲಿ ದೂರಯಾನದಿಂದ ಮರಳಿದ ರ್‍ಯೂಜೋ ಎಂಬ ನೌಕಾಪಡೆಯ ಹಡಗಿನ 376 ಜನರಲ್ಲಿ 169 ಮಂದಿಗೆ ಈ ರೋಗ ತಗುಲಿ 25 ಮಂದಿ ಸತ್ತಿದ್ದರು. ನೌಕಾಪಡೆಯ ವೈದ್ಯ ತಕಾಕಿ ಕಾನೆಹಿರೊ ಮರುವರ್ಷ ತ್ಸುಕುಬಾ ಎಂಬ ಹಡಗನ್ನು ಅದೇ ಬಗೆಯ ದೂರಯಾನಕ್ಕೆ ಕಳಿಸುವಾಗ ಊಟ ಮಾತ್ರ ಬದಲಿಸಿದರು. ಆ ಹಡಗಿನಲ್ಲಿ ಬೆರಿಬೆರಿಯಿಂದ ಒಬ್ಬರೂ ಸಾಯಲಿಲ್ಲ. ದೋಷ ಇದ್ದದ್ದು ಊಟದಲ್ಲಿ. ಅಕ್ಕಿಯ ತೌಡು ಮತ್ತು ಮೊಳಕೆಯ ಭಾಗದಲ್ಲಿರುವ ಬಿ1 ಜೀವಸತ್ವ ಪಾಲಿಶ್ ಮಾಡುವಾಗ ಹೋಗಿಬಿಡುತ್ತದೆ ಎಂಬುದು ಆಮೇಲೆ ತಿಳಿಯಿತು.

1920ರ ದಶಕದಲ್ಲಿ ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಈ ರೋಗದ ಸಂಶೋಧನೆಗೆ ಸೇರಿದ ಯುವ ವೈದ್ಯೆ ಕಾಗಾವಾ ಆಯಾ. ಹುಟ್ಟಿದ್ದು 1899ರಲ್ಲಿ. ರೋಗ ಬಂದ ಮೇಲೆ ಮದ್ದು ಕೊಡುವುದಕ್ಕಿಂತ, ಬರದ ಹಾಗೆ ಮನೆಯ ಅಡಿಗೆಯನ್ನೇ ಸರಿಮಾಡಬೇಕು ಎಂಬುದು ಆಕೆಯ ಹಟ. 1933ರಲ್ಲಿ ಗಂಡ ಶೋಜೋ ಅವರ ಜೊತೆ ಮನೆಯಲ್ಲೇ ಆಹಾರದ ಅಧ್ಯಯನ ಕೂಟ ಶುರುಮಾಡಿದರು. 1935ರಲ್ಲಿ 'ಪೋಷಣೆ ಮತ್ತು ಅಡಿಗೆ' ಎಂಬ ಅರ್ಥದ ಹೆಸರಿನ ಪತ್ರಿಕೆ ಹೊರಟಿತು.

ಆದರೆ ಆಕೆಗೆ ಒಂದು ದೊಡ್ಡ ಅಡ್ಡಿ ಎದುರಾಯಿತು. ಪೋಷಣೆಯ ಲೆಕ್ಕವೆಲ್ಲ ಗ್ರಾಮಿನಲ್ಲಿ, ಅಡಿಗೆಯ ಮಾತೆಲ್ಲ ಅಂದಾಜಿನಲ್ಲಿ. ಅಡಿಗೆಯವರು "ಹದಕ್ಕೆ ತಕ್ಕಷ್ಟು" ಎನ್ನುತ್ತಾರೆ. ನಮ್ಮ ಅಮ್ಮಂದಿರೂ "ರುಚಿಗೆ ತಕ್ಕಷ್ಟು ಉಪ್ಪು, ಒಂದು ಹಿಡಿ ಬೇಳೆ" ಎನ್ನುವವರೇ. ಮನೆಮನೆಗೆ ತಕ್ಕಡಿ ಇಡಿಸುವಂತಿಲ್ಲ. ಹಾಗಾದರೆ ಕೈಗೆ ಸಿಗುವ ಲೋಟ, ಚಮಚವನ್ನೇ ತಕ್ಕಡಿಯಂತೆ ದುಡಿಸಬೇಕು. ಯುದ್ಧ ಮುಗಿದು, ಗಂಡನನ್ನು ಕಳೆದುಕೊಂಡು, ಶಾಲೆಯನ್ನು ಮತ್ತೆ ಕಟ್ಟುತ್ತಿದ್ದ ದಿನಗಳಲ್ಲಿ, 1948ರಲ್ಲಿ, ಆಕೆ ಅಳತೆಯ ಲೋಟ ಮತ್ತು ಚಮಚಗಳನ್ನು ರೂಪಿಸಿದರು. ಲೋಟ 200 ಮಿಲಿಲೀಟರ್, ದೊಡ್ಡ ಚಮಚ 15, ಸಣ್ಣ ಚಮಚ 5. ಐದು ಲೋಟಕ್ಕೆ ಒಂದು ಲೀಟರ್, ಮೂರು ಸಣ್ಣ ಚಮಚಕ್ಕೆ ಒಂದು ದೊಡ್ಡ ಚಮಚ. ತುಂಬಿದ ಮೇಲೆ ಬಾಯಿ ಸವರಬೇಕು, ಗೋಪುರ ಏರಿಸಬಾರದು. ಧಣಿಯ ಅಂಗಳದ ಆಟ ಇಲ್ಲಿ ನಡೆಯದು.

ಲೋಟದ ಜೊತೆಗೆ ಒಂದು ಪಟ್ಟಿಯೂ ಬೇಕಾಯಿತು. ಯಾಕೆಂದರೆ ಪಾತ್ರೆ ಒಂದೇ ಆದರೂ ತೂಕ ಒಂದೇ ಅಲ್ಲ. ಜಪಾನಿನ ಅಡಿಗೆ ಪುಸ್ತಕಗಳು ಕೊಡುವ ಲೆಕ್ಕ ಹೀಗಿದೆ. ಅದೇ 200 ಮಿಲಿಲೀಟರ್ ಲೋಟದಲ್ಲಿ ನೀರು 200 ಗ್ರಾಂ, ಅಡಿಗೆ ಎಣ್ಣೆ 180, ಅಲ್ಲಿಯ ಬಿಳಿ ಸಕ್ಕರೆ 130, ಮೈದಾ 110, ಪುಡಿ ಉಪ್ಪು 240. ಮೈದಾದ ಎರಡರಷ್ಟಕ್ಕಿಂತ ಹೆಚ್ಚು ತೂಕ ಉಪ್ಪಿಗೆ! ಹಿಟ್ಟಿನಲ್ಲಿ ಗಾಳಿ ಹೆಚ್ಚು, ಉಪ್ಪಿನಲ್ಲಿ ಕಡಿಮೆ. ಹಾಗಾಗಿ "ಒಂದು ಲೋಟಕ್ಕೆ ಎಷ್ಟು ಗ್ರಾಂ?" ಎಂದು ಬರಿದೇ ಕೇಳಿದರೆ ಉತ್ತರವಿಲ್ಲ. ಯಾವುದರ ಲೋಟ ಎಂದು ಕೇಳಬೇಕು. ಆಕೆ ಕಟ್ಟಿದ ಶಾಲೆ 1961ರಲ್ಲಿ ಪೋಷಣೆಯ ವಿಷಯಕ್ಕೇ ಮೀಸಲಾದ ಮಹಿಳಾ ವಿಶ್ವವಿದ್ಯಾಲಯವಾಯಿತು. 1997ರಲ್ಲಿ ತೀರಿಕೊಳ್ಳುವಾಗ ಆಕೆಗೆ 98 ವರ್ಷ.

ಕಾನೂನು ಬಿಟ್ಟರೂ ಕುಕ್ಕರ್ ಬಿಡಲಿಲ್ಲ

ಜಪಾನ್ ಸರ್ಕಾರ 1885ರಲ್ಲೇ ಮೀಟರ್ ಒಪ್ಪಂದಕ್ಕೆ ಸೇರಿತ್ತು. 1921ರಲ್ಲಿ ಮೆಟ್ರಿಕ್ ಪದ್ಧತಿಗೆ ಕಾನೂನು ಮಾಡಿತು. ಆದರೆ ಜನರ ವಿರೋಧದಿಂದ ಅದು ಮುಂದಕ್ಕೆ ಹೋಗುತ್ತಲೇ ಇತ್ತು. 1951ರ ಹೊಸ ಕಾನೂನಿನ ಪ್ರಕಾರ 1959ರ ಜನವರಿ 1ರಿಂದ ವ್ಯಾಪಾರದಲ್ಲಿ ಹಳೆಯ ಅಳತೆಗಳು ನಿಂತವು. ಅಂಗಡಿಯಲ್ಲಿ ಅಕ್ಕಿ ಕಿಲೋ ಲೆಕ್ಕಕ್ಕೆ ಬಂತು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮಲ್ಲೂ 1956ರ ಕಾಯ್ದೆಯಿಂದ ಕಿಲೋ ಬಂದು ಸೇರು, ಮಣ ಹಿಂದೆ ಸರಿದವು.

ಆದರೆ ಈ ಬದಲಾವಣೆಗೆ ಮೂರು ವರ್ಷ ಮೊದಲು, 1955ರ ಡಿಸೆಂಬರಿನಲ್ಲಿ, ತೋಶಿಬಾ ಕಂಪನಿಯ ವಿದ್ಯುತ್ ಕುಕ್ಕರ್ ಮಾರುಕಟ್ಟೆಗೆ ಬಂದಿತ್ತು. ಅದನ್ನು ರೂಪಿಸಿದವರು ಸಣ್ಣ ಕಾರ್ಖಾನೆಯೊಂದರ ಮಿನಾಮಿ ಯೋಶಿತಾದಾ. ಮತ್ತೆ ಮತ್ತೆ ಅನ್ನ ಬೇಯಿಸಿ ಪರೀಕ್ಷೆ ಮಾಡಿದವರು ಅವರ ಹೆಂಡತಿ ಫುಮಿಕೊ. ಆ ಕುಕ್ಕರಿನ ಉಪಾಯ ಬಹಳ ಸರಳ. ಒಂದರೊಳಗೊಂದು ಎರಡು ಪಾತ್ರೆ, ಹೊರಗಿನದಕ್ಕೆ ಒಂದು ಲೋಟ ನೀರು. ಆ ನೀರು ಆವಿಯಾಗಿ ಮುಗಿಯುವುದಕ್ಕೂ ಒಳಗಿನ ಅನ್ನ ಬೇಯುವುದಕ್ಕೂ ಸರಿಹೋಗುತ್ತದೆ. ನೀರು ಮುಗಿದು ಬಿಸಿ ಏರಿದಾಗ ಸ್ವಿಚ್ ತಾನೇ ಬೀಳುತ್ತದೆ. ಅಂದರೆ ಆ ಯಂತ್ರಕ್ಕೆ ಗಡಿಯಾರವೂ ಲೋಟವೇ.

ಅದು ಹುಟ್ಟಿದ ಕಾಲಕ್ಕೆ ಮನೆಗಳಲ್ಲಿ ಗೋ ಲೆಕ್ಕ ಇತ್ತು. ಕುಕ್ಕರಿನ ಒಳಗಿನ ಗೆರೆಗಳೂ ಅದೇ ಲೆಕ್ಕಕ್ಕೆ ಬಂದವು. ಕಾನೂನು ಅಂಗಡಿಯ ತಕ್ಕಡಿಯನ್ನು ಬದಲಿಸಿತು, ಅಡಿಗೆಮನೆಯ ಗೆರೆಯನ್ನು ಮುಟ್ಟಲಿಲ್ಲ. ಹೀಗಾಗಿ ಇಂದಿಗೂ ಜಪಾನಿನ ಮನೆಯಲ್ಲಿ ಎರಡು ಲೋಟ, ಪಲ್ಯ ಸಾರಿಗೆ 200ರದು, ಅಕ್ಕಿಗೆ 180ರದು. ಆ 180ರ ಲೋಟ ಕುಕ್ಕರಿನ ಜೊತೆ ದೇಶ ದೇಶ ಸುತ್ತಿ ಗಲ್ಫಿನ ನಮ್ಮ ರೂಮುಗಳಿಗೂ ಬಂತು. ಅದರಲ್ಲಿ ನೀವು ಮಾಡುವುದು ಜೀರಿಗೆ ಸಾಂಬಾ ಇರಲಿ, ಸೋನಾ ಮಸೂರಿ ಇರಲಿ, ಅಳತೆ ಮಾತ್ರ 1669ರದ್ದು.

ಈ ನಾಡಿನಲ್ಲೂ ಪಾತ್ರೆಯಿಂದ ತೂಕಕ್ಕೆ ಬರುವ ಲೆಕ್ಕ ಪ್ರತಿ ವರ್ಷ ನಡೆಯುತ್ತದೆ. ರಂಜಾನಿನ ಕೊನೆಗೆ ಕೊಡುವ ಫಿತ್ರ್ ಝಕಾತಿನ ಅಳತೆ ಒಂದು 'ಸಾಅ', ಅಂದರೆ ನಾಲ್ಕು 'ಮುದ್ದ್'. ಒಂದು ಮುದ್ದ್ ಎಂದರೆ ಸಾಧಾರಣ ಮನುಷ್ಯನ ಎರಡು ಕೈಯ ಬೊಗಸೆ. ಅದನ್ನು ಕಿಲೋಗೆ ತಂದಾಗ ಕೆಲವರು ಎರಡೂವರೆ ಎನ್ನುತ್ತಾರೆ, ಕೆಲವರು ಮೂರು. ಬೊಗಸೆ ಮನುಷ್ಯನದು, ಕಾಳು ಬೇರೆ ಬೇರೆ. ಹಾಗಾಗಿ ವ್ಯತ್ಯಾಸ ಸಹಜ.

ನಮ್ಮ ಗೆಳೆಯರಿಗೆ ಎರಡು ಮಾತು

ಇಷ್ಟೆಲ್ಲ ಓದಿ ನಾನು ಕಲಿತದ್ದು ಸ್ವಲ್ಪವೇ. ಕುಕ್ಕರಿನ ಒಳಗಿನ ಗೆರೆ ಹೊಂದುವುದು ಅದರದೇ ಲೋಟಕ್ಕೆ. ಬೇರೆ ಲೋಟದಲ್ಲಿ ಅಕ್ಕಿ ಹಾಕಿ ಗೆರೆಗೆ ನೀರು ಬಿಟ್ಟರೆ ಅನ್ನ ಗಟ್ಟಿಯಾದೀತು ಅಥವಾ ಮುದ್ದೆಯಾದೀತು. ಲೋಟ ಕಳೆದರೆ ಗ್ರೋಸರಿಯಲ್ಲಿ 150 ಗ್ರಾಂ ಅಕ್ಕಿ ತೂಗಿಸಿ, ಯಾವುದಾದರೂ ಲೋಟಕ್ಕೆ ಹಾಕಿ ಒಂದು ಗೆರೆ ಎಳೆದುಕೊಳ್ಳಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ತಲೆ ಸವರಿದ ಒಂದು ಸಣ್ಣ ಚಮಚ ಪುಡಿ ಉಪ್ಪು 6 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ಇಡೀ ದಿನಕ್ಕೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ನಾಲ್ಕು ಜನರ ಸಾರಿಗೆ ಉಪ್ಪು ಹಾಕುವಾಗ ಈ ಲೆಕ್ಕ ನೆನಪಿಡಿ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತಾರೆ. ಮನುಷ್ಯನ ವಿಷಯದಲ್ಲಿ ಅದು ಸಾಲದು. ತಕ್ಕಡಿ ಕೆಳಗಿನ ಗ್ರೋಸರಿಯಲ್ಲೇ ಇತ್ತು, ಒಂದು ಸಲ ತೂಗಿ ನೋಡಬಹುದಾಗಿತ್ತು. ನಾವು ತೂಗದೆಯೇ ಲೆಕ್ಕ ಹೇಳಿದೆವು.

ಲೋಟ ಸಿಕ್ಕಿದ ರಾತ್ರಿಯೇ ಆ ಹುಡುಗನ ನಂಬರ್ ಹುಡುಕಿ ಫೋನ್ ಮಾಡಿದೆ. "ತಮ್ಮ, ಅಕ್ಕಿಯ ಲೆಕ್ಕ ಸಿಕ್ಕಿತು" ಎಂದೆ. ಮಗ್ಗಿನ ಕಥೆ ಹೇಳಿದೆ, ತಪ್ಪಾಯಿತು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇರ್ಲಿ ಬಿಡ್ರಿ ಅಣ್ಣಾ. ಅನ್ನ ಉಣ್ಣೂ ಮಂದಿ ನೀವು, ರೊಟ್ಟಿ ತಿನ್ನಾಂವ ನಾ. ನಿಮ್ಮ ಅಕ್ಕಿ ನಾ ಏನ್ ಮಾಡ್ಲಿ?" ಎಂದು ನಕ್ಕ. ಮುಂದಿನ ಶುಕ್ರವಾರ ಊಟಕ್ಕೆ ಬಂದ. ಅವತ್ತು ಅಕ್ಕಿ ಅಳೆದವನು ಅವನೇ, ಆ ಹಳೆಯ ಲೋಟದಲ್ಲಿ. ಮೊದಲ ಲೋಟ ಹಾಕುವಾಗ ನಾನು "ಲಾಭ" ಎಂದೆ.